ಸ್ತನ ಕ್ಯಾನ್ಸರ್: ಮುಚ್ಚಿಡುವ ರೋಗವಲ್ಲ

ಸಹೋದರಿಯರೇ, ಈ ರೋಗದ ಹೆಸರು ಹೇಳುವಾಗ ನಮ್ಮ ಮನೆಗಳಲ್ಲಿ ದನಿ ತಾನಾಗಿಯೇ ತಗ್ಗುತ್ತದೆ. "ಅವಳಿಗೆ ಎದೆಯ ಕಾಯಿಲೆಯಂತೆ" ಎಂದು ಹೇಳಿ ಸುಮ್ಮನಾಗುತ್ತೇವೆ. ಕೇಳಿದವರು ಹೃದಯದ ತೊಂದರೆ ಎಂದು ತಿಳಿದುಕೊಳ್ಳುತ್ತಾರೆ. ಆದರೆ ನಮ್ಮ ದೇಶದ ಮಹಿಳೆಯರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್ ಇದು. 2022ರಲ್ಲಿ ಭಾರತದಲ್ಲಿ ಸುಮಾರು 1.9 ಲಕ್ಷ ಮಹಿಳೆಯರಿಗೆ ಹೊಸದಾಗಿ ಈ ರೋಗ ಬಂದಿದೆಯೆಂದು ಅಂದಾಜು. ಆ ವರ್ಷ ಅವರಲ್ಲಿ ನಾನೂ ಒಬ್ಬಳಾದೆ. ಆಗ ನನಗೆ 44 ವರ್ಷ.

ಗಂಟು ನೋಯುತ್ತಿರಲಿಲ್ಲ. ನೋವಿಲ್ಲವೆಂಬ ಕಾರಣಕ್ಕೇ ಎಷ್ಟೋ ಮಂದಿ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಹಾಗೆಂದು ಕೈಗೆ ಸಿಕ್ಕ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ನಿರಪಾಯಕಾರಿ. ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ಹೇಳಲಾಗದು, ಅಷ್ಟೆ. ಚರ್ಮ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಅಲ್ಲಲ್ಲಿ ಕುಳಿ ಬೀಳುವುದು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು ಅಥವಾ ಅದರಿಂದ ರಕ್ತ ಒಸರುವುದು, ಕಂಕುಳಲ್ಲಿ ಗಡ್ಡೆ ಕಾಣುವುದು, ಇವೂ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳೇ.

"ಗಂಡಸು ಡಾಕ್ಟರಿಗೆ ಹೇಗೆ ತೋರಿಸಲಿ?" ಎಂದು ನೀವು ಕೇಳಬಹುದು. ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವೈದ್ಯೆ ಬೇಕೆಂದು ಕೇಳಿ; ಇಲ್ಲದಿದ್ದರೆ ನರ್ಸ್ ಜೊತೆಯಲ್ಲಿರಲಿ ಎಂದು ಹೇಳಿ. ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನವೊಂದರಲ್ಲಿ ಸುಮಾರು 1.5 ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸುತ್ತಿದ್ದರು. ಯಂತ್ರವಿಲ್ಲ, ಏನಿಲ್ಲ. ಹಾಗೆ ಪರೀಕ್ಷಿಸಿದವರಲ್ಲಿ ರೋಗ ಬೇಗ ಪತ್ತೆಯಾಯಿತು. 50 ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಹೆಚ್ಚುಕಡಿಮೆ ಶೇ. 30ರಷ್ಟು ತಗ್ಗಿತೆಂದು 2021ರಲ್ಲಿ ವರದಿಯಾಯಿತು.

ಬಯಾಪ್ಸಿಗೆ ನಮ್ಮ ಮನೆಯಲ್ಲೇ ವಿರೋಧವಿತ್ತು. ಸೂಜಿ ಚುಚ್ಚಿದರೆ ರೋಗ ಮೈಯೆಲ್ಲ ಹರಡುತ್ತದೆಂದು ಖಾಲಾ ಹಟ ಹಿಡಿದರು. ಇದು ಬಹಳ ಹಳೆಯ ತಪ್ಪು ಕಲ್ಪನೆ. ಆ ಸೂಜಿಯಿಂದ ತೆಗೆದ ಚೂರು ಮಾಂಸವೇ ಮುಂದಿನ ಚಿಕಿತ್ಸೆಯನ್ನೆಲ್ಲ ನಿರ್ಧರಿಸುತ್ತದೆ.

ಶಸ್ತ್ರಚಿಕಿತ್ಸೆಯ ವಿಷಯ ಬಂದಾಗ ಮನೆಯ ಹಿರಿಯರೆಲ್ಲರ ಅಭಿಪ್ರಾಯ ಒಂದೇ: "ಪೂರ್ತಿ ತೆಗೆಸಿಬಿಡು, ಬೇರೇ ಇರಬಾರದು." ನನಗೂ ಹೆದರಿಕೆಯಿತ್ತು. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳು ನಾನು. ಹಾಗಾಗಿ ನಾನೇ ವೈದ್ಯೆಯನ್ನು ಕೇಳಿದೆ. ಗಂಟು ಚಿಕ್ಕದಿದ್ದರೆ ಅದನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು, ನಂತರ ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲ ಎಂದರು. ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ತೊ ವೆರೊನೆಸಿ 20 ವರ್ಷಗಳ ಕಾಲ ರೋಗಿಗಳನ್ನು ಗಮನಿಸಿ 2002ರಲ್ಲಿ ಇದನ್ನೇ ಪ್ರಕಟಿಸಿದ್ದರು. ನಾನು ಸ್ತನ ಉಳಿಸಿಕೊಂಡೆ. ಎಲ್ಲರಿಗೂ ಈ ದಾರಿ ಇರುವುದಿಲ್ಲ. ಗಂಟುಗಳು ಬೇರೆ ಬೇರೆ ಕಡೆ ಇದ್ದರೆ, ಅಥವಾ ಆ ಭಾಗಕ್ಕೆ ಮೊದಲೇ ವಿಕಿರಣ ಕೊಟ್ಟಿದ್ದರೆ ಪೂರ್ತಿ ತೆಗೆಯಬೇಕಾಗಬಹುದು. ಗಂಟು ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸುವುದೂ ಉಂಟು. ವಿಕಿರಣಕ್ಕಾಗಿ ಕೆಲವು ವಾರ ದಿನವೂ ಆಸ್ಪತ್ರೆಗೆ ಹೋಗಿಬರಲಾಗದೆ ಪೂರ್ತಿ ತೆಗೆಸಿಕೊಂಡವರನ್ನೂ ನಾನು ಅಲ್ಲಿ ಕಂಡೆ. ಅವರ ತೀರ್ಮಾನವೂ ಸರಿಯೇ.

ವರದಿಯಲ್ಲಿ ನೀವು ಕೇಳಿ ತಿಳಿಯಲೇಬೇಕಾದದ್ದು ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಪರೀಕ್ಷೆಗಳ ಫಲಿತಾಂಶ. ಮೊದಲೆರಡರಲ್ಲಿ ಒಂದಾದರೂ ಪಾಸಿಟಿವ್ ಇದ್ದರೆ ರೋಗ ಹಾರ್ಮೋನಿನಿಂದ ಬೆಳೆಯುತ್ತಿದೆ ಎಂದರ್ಥ; ಅದನ್ನು ತಡೆಯುವ ಮಾತ್ರೆಗಳಿವೆ. ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್. ಅದರ ಬೆಲೆ ಕೇಳಿಯೇ ಎಷ್ಟೋ ಮಂದಿ ಹಿಂದಿರುಗುತ್ತಿದ್ದರು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಯನ್ನು ಕಡಿಮೆ ಬೆಲೆಗೆ ತಂದಿತು. ಮೂರೂ ನೆಗೆಟಿವ್ ಆದರೆ ಕೀಮೋವೇ ಮುಖ್ಯ ಆಧಾರ. ಕೆಲವರಿಗೆ ಅದರ ಜೊತೆಗೆ ಇಮ್ಯುನೋಥೆರಪಿಯನ್ನೂ ಕೊಡುತ್ತಾರೆ.

ನನಗೆ ಕೀಮೋ ಕೂಡ ಆಯಿತು. ಕೂದಲು ಹೋದದ್ದು ಸ್ಕಾರ್ಫಿನೊಳಗೆ ಯಾರಿಗೂ ಕಾಣಲಿಲ್ಲ. ಹುಬ್ಬು ಉದುರಿದ್ದನ್ನು ಮಾತ್ರ ಯಾವ ಸ್ಕಾರ್ಫೂ ಮುಚ್ಚದು! ಎರಡೂ ಮತ್ತೆ ಬಂದವು. ಈಗ ದಿನಕ್ಕೊಂದು ಟಾಮಾಕ್ಸಿಫೆನ್ ಮಾತ್ರೆ. ಐದು ವರ್ಷ ನುಂಗಬೇಕು, ಕೆಲವರಿಗೆ ಹತ್ತು ವರ್ಷ. ರಮಝಾನಿನಲ್ಲಿ ಇಫ್ತಾರಿನ ನಂತರ ತೆಗೆದುಕೊಳ್ಳುತ್ತೇನೆ.

ನನಗೆ ರೋಗಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಮಗಳಿಗೆ ಸಂಬಂಧ ನೋಡುತ್ತಿದ್ದೆವು. "ಮದುವೆ ಆಗುವ ತನಕ ಯಾರಿಗೂ ಗೊತ್ತಾಗಬಾರದು" ಎಂದು ಬಂಧುಗಳು ಎಚ್ಚರಿಸಿದರು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ವಂಶವಾಹಿಯ ಮೂಲಕ ಬರುವಂಥವು. ಬಂದ ಮನೆಯವರಿಗೆ ಇದನ್ನೆಲ್ಲ ನಾನೇ ಹೇಳಿದೆ. ಒಬ್ಬರು ಚಹಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ. "ಅವರು ಬರದಿದ್ದದ್ದೇ ಒಳ್ಳೆಯದಾಯಿತು ಅಮ್ಮಿ" ಎಂದಳು ಮಗಳು. ಅವಳೀಗ ಬಿ.ಎಡ್. ಓದುತ್ತಿದ್ದಾಳೆ.

ಕೊನೆಗೆ ಹಣದ ಮಾತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ಮೊದಲ ದಿನವೇ ರೇಷನ್ ಕಾರ್ಡ್, ಆಧಾರ್ ಮತ್ತು ಹಳೆಯ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.