ಎರಚಲು

ಮಲೆನಾಡಿನವರು ಮಳೆಗೆ ಅಂಜುವವರಲ್ಲ. ಅವರು ಅಂಜುವುದು ಎರಚಲಿಗೆ. ನೆಟ್ಟಗೆ ಸುರಿಯುವ ಮಳೆಯನ್ನು ಹಂಚಿನ ಮಾಡು ತಡೆಯಬಲ್ಲದು. ಗಾಳಿಯನ್ನೇರಿ ಅಡ್ಡಲಾಗಿ ಬರುವ ಮಳೆಗೆ ಮಾಡಿನ ಹಂಗಿಲ್ಲ. ಅದು ಕದ ಕಿಟಕಿಗಳ ಸಂದನ್ನು ಹುಡುಕಿಕೊಂಡು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಬೆಳೆದ ನನಗೆ ಆಷಾಢವೆಂದರೆ ನೆನಪಾಗುವುದು ನಮ್ಮ ಮನೆಯ ನೈಋತ್ಯದ ಕೋಣೆ. ಮಳೆಗಾಲದ ಅಕ್ಕಿಯನ್ನೆಲ್ಲ ಇಡುತ್ತಿದ್ದುದು ಅಲ್ಲಿಯೇ. ಒಂದು ರಾತ್ರಿಯ ಎರಚಲು ಒಳನುಗ್ಗಿದರೆ ಅಕ್ಕಿಗೆ ಬೂಷ್ಟು ಹಿಡಿಯುವುದು ಖಂಡಿತ. ಅಂಗಡಿಯಿಂದ ತರೋಣವೆಂದರೆ ಹೊಳೆಯ ಸಂಕ ನೀರಿನಲ್ಲಿ ಮುಳುಗಿರುತ್ತಿತ್ತು.

ಆ ಕೋಣೆಯ ಕಿಟಕಿಯನ್ನು ಮಾಡಿದ ಆಚಾರಿಯ ಜಾಣ್ಮೆ ದೊಡ್ಡದು. ಚೌಕಟ್ಟಿನ ಕೆಳಮರವನ್ನು ಆತ ಹೊರಕ್ಕೆ ಇಳಿಜಾರಾಗಿ ಕೆತ್ತಿ, ಒಳಗಿನ ಅಂಚನ್ನು ಒಂದು ಅಂಗುಲ ಎತ್ತರಿಸಿದ್ದ. ಹೊರಚಾಚಿದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಗಾಡಿಯನ್ನು ಕೊರೆದಿದ್ದ. ನೀರು ಮರದ ಅಡಿಮೈಗೆ ಅಂಟಿಕೊಂಡೇ ಗೋಡೆಯತ್ತ ಹರಿಯಬಲ್ಲದು; ಗಾಡಿಯನ್ನು ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಇನ್ನು ಆ ಒಂದು ಅಂಗುಲದ ಮಾತು. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ಬಡಿದು ನಿಂತಾಗ ಸುಮಾರು 135 ಪಾಸ್ಕಲ್ ಒತ್ತಡ ಉಂಟಾಗುತ್ತದೆ. ಇದು ಸುಮಾರು 14 ಮಿಲಿಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಎಂದರೆ ಕಿಟಕಿಯ ಬುಡದಲ್ಲಿ ನಿಂತ ನೀರನ್ನು ಗಾಳಿ ಅಷ್ಟು ಎತ್ತರಕ್ಕೆ ನೂಕಬಲ್ಲದು. 25 ಮಿಲಿಮೀಟರಿನ ಅಂಚನ್ನು ದಾಟಿಸಲಾರದು. ಆದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆಗ ಅಂಗುಲದ ಅಂಚು ಸೋಲುತ್ತದೆ. ಅದಕ್ಕೆಂದೇ ಮಳೆಗಾಲಕ್ಕೆ ಮುನ್ನ ಸೂರಿನಿಂದ ಅಡಕೆ ಸೋಗೆಯ ತಟ್ಟಿಗಳನ್ನು ಇಳಿಬಿಡುತ್ತಿದ್ದರು. ಹನಿಗಳ ರಭಸ ಅಲ್ಲಿಯೇ ಮುರಿಯುತ್ತಿತ್ತು.

ಬಾಗಿಲಿಗೆ ಹೊಸ್ತಿಲು ಮಾಡುವುದೂ ಇದೇ ಕೆಲಸವನ್ನು. ಸಮನೆಲದ ಆಸೆಗೆ ಈಚೆಗೆ ಕೆಲವರು ಹೊಸ್ತಿಲನ್ನೇ ಕೈಬಿಡುತ್ತಾರೆ. ಸೂರು ಚಾಚದ ಮನೆಗೆ ಅದು ತಕ್ಕುದಲ್ಲವೆಂದು ನನ್ನ ಅಭಿಪ್ರಾಯ.

ಇಂದಿನ ಅಲ್ಯೂಮಿನಿಯಂ ಜಾರುಕಿಟಕಿಗಳು ನೀರನ್ನು ಪೂರ್ತಿ ತಡೆಯಲು ಹೆಣಗುವುದಿಲ್ಲ. ಒಳಸೇರಿದ ನೀರು ತಳದ ಕಾಲುವೆಯಲ್ಲಿ ಕೂಡಿ, ಹೊರಬದಿಯ ಸಣ್ಣ ತೂತುಗಳಿಂದ ಇಳಿದುಹೋಗುತ್ತದೆ. ಎರಚಲು ಬರುವುದೇ ಅಲ್ಲಿಂದ ಎಂದು ಬಗೆದು ಆ ತೂತುಗಳಿಗೆ ಸಿಮೆಂಟು ಮೆತ್ತುವವರುಂಟು! ಆಮೇಲೆ ಕಾಲುವೆ ತುಂಬಿ, ಗಾಳಿ ಆ ನೀರನ್ನು ಒಳಕ್ಕೆ ನೂಕುತ್ತದೆ. ನಿಮ್ಮ ಮನೆಯಲ್ಲಿ ಇಂತಹ ಕಿಟಕಿಯಿದ್ದರೆ ಮೇ ತಿಂಗಳಿನಲ್ಲಿ ಕಡ್ಡಿಯಿಂದ ತೂತುಗಳನ್ನು ಬಿಡಿಸಿ, ಕಾಲುವೆಗೆ ಒಂದು ಲೋಟ ನೀರು ಸುರಿದು ನೋಡಿ. ಅದು ಹೊರಗೋಡೆಯ ಕಡೆಗೆ ಇಳಿಯಬೇಕು.