ಚಿಕ್ಕಪ್ಪನ ಜಮಾಖರ್ಚಿನ ಪುಸ್ತಕ

1974ರ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪ ಹಾಸಿಗೆ ಹಿಡಿದ. ಜ್ವರವಿಲ್ಲ, ಕೆಮ್ಮಿಲ್ಲ. 19ರ ಹುಡುಗ. ಶಿವಮೊಗ್ಗದ ಕಾಲೇಜಿನಲ್ಲಿ ಎರಡು ವಿಷಯ ಹೋಗಿತ್ತು. ಊರಿಗೆ ಬಂದವನು ಅಟ್ಟದ ಕೆಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮಧ್ಯಾಹ್ನದವರೆಗೆ ನಿದ್ದೆ, ಎದ್ದ ಮೇಲೂ ಸುಸ್ತು. ಅಜ್ಜಿ ಬಚ್ಚಲ ಹಂಡೆಯಲ್ಲಿ ಕಾಯಿಸಿಟ್ಟ ನೀರು ಹಾಗೇ ಆರಿಹೋಗುತ್ತಿತ್ತು. ಫೇಲಾದವನಿಗೆ ಮೈಗಳ್ಳತನ ಬಂದಿದೆ ಎಂದು ಅಜ್ಜ ಹೇಳಿದ್ದೇ ಮನೆಯವರಿಗೆಲ್ಲ ಕೊನೆಯ ಮಾತಾಯಿತು. ಎರಡು ತಿಂಗಳಾದ ಮೇಲೆ ಅವನು ತಾನಾಗಿಯೇ ಎದ್ದು ತೋಟಕ್ಕೆ ಹೋದ. ಎಲ್ಲರೂ ಅದನ್ನು ಮರೆತುಬಿಟ್ಟರು. ನಾನಾಗ ಮೂರನೇ ಕ್ಲಾಸು.

ಅದು ಮೈಗಳ್ಳತನವಲ್ಲ, ಖಿನ್ನತೆಯೂ ಉನ್ಮಾದವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯ ಮೊದಲ ಸುತ್ತು ಎಂದು ಗೊತ್ತಾದದ್ದು ಆಮೇಲೆ. ಬೈಪೋಲಾರ್ ಅಂದರೆ ಜನರ ಕಣ್ಣ ಮುಂದೆ ಬರುವುದು ಕೂಗಾಟ, ದುಂದುಖರ್ಚು, ಬೀದಿ ರಂಪ. ಆದರೆ ಬಹಳ ಮಂದಿಗೆ ಈ ಕಾಯಿಲೆ ಮೊದಲು ಬರುವುದು ಖಿನ್ನತೆಯಾಗಿ. ಹೆಚ್ಚಿನವರಲ್ಲಿ ಹದಿನೇಳು ಹದಿನೆಂಟರಿಂದ ಇಪ್ಪತ್ತೈದರೊಳಗೆ ಕಾಣಿಸಿಕೊಳ್ಳುತ್ತದೆ. ಪರೀಕ್ಷೆ, ಪ್ರೀತಿ, ಕೆಲಸದ ಚಿಂತೆ ಎಲ್ಲವೂ ಇರುವ ವಯಸ್ಸು ಅದು, ಹಾಗಾಗಿ ಮಂಕು ಬಡಿದು ಕೂತ ಹುಡುಗನಿಗೆ ಒಂದು ಕಾರಣ ಹುಡುಕಿ ಕೊಡುವುದು ಯಾರಿಗೂ ಕಷ್ಟವಲ್ಲ. ಆ ಮೊದಲ ಖಿನ್ನತೆಯನ್ನು ಮಾತ್ರ ನೋಡಿ ಇದು ಬೈಪೋಲಾರ್ ಎಂದು ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಅವರು ಕೇಳಬಹುದಾದ ದೊಡ್ಡ ಪ್ರಶ್ನೆ ಒಂದೇ: ನಿಮ್ಮ ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ? ನಮ್ಮ ಮನೆಯ ಕತೆಯೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆ ನಿಂತಿದೆ.

1977ರ ಅಡಿಕೆ ಸುಗ್ಗಿ. ಮಲೆನಾಡಿನ ಸುಗ್ಗಿ ಕಂಡವರಿಗೆ ಗೊತ್ತು, ಆ ಎರಡು ತಿಂಗಳು ಮನೆಯಲ್ಲಿ ರಾತ್ರಿ ಎಂಬುದೇ ಇರುವುದಿಲ್ಲ. ಹಗಲು ಕೊನೆ ಇಳಿಸಿದ್ದನ್ನು ರಾತ್ರಿ ಲಾಟೀನಿನ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯಬೇಕು, ಬೆಳಗಾದರೆ ಬೇಯಿಸಬೇಕು. ಎಲ್ಲರೂ ತೂಕಡಿಸುತ್ತ ಕೆಲಸ ಮಾಡುವಾಗ ಚಿಕ್ಕಪ್ಪನಿಗೆ ಮಾತ್ರ ನಿದ್ದೆಯ ಹಂಗಿರಲಿಲ್ಲ. ಎರಡು ಗಂಟೆಗೆ ಮಲಗಿ ನಾಲ್ಕಕ್ಕೆ ಎದ್ದು ತೋಟದಲ್ಲಿರುತ್ತಿದ್ದ. ಆಯಾಸವೇ ಇಲ್ಲ. "ಹುಡುಗ ದಾರಿಗೆ ಬಂದ" ಎಂದು ಅಜ್ಜ ಹೆಮ್ಮೆ ಪಟ್ಟ.

ಆ ವರ್ಷ ಮನೆಯ ಲೆಕ್ಕ ಬರೆದವನು ಅವನೇ. ನೀಲಿ ರಟ್ಟಿನ ಆ ಪುಸ್ತಕ ಈಗ ನನ್ನ ಬಳಿ ಇದೆ. ಡಿಸೆಂಬರಿನ ಪುಟಗಳಲ್ಲಿ ಸಣ್ಣ, ದುಂಡು ಅಕ್ಷರ. ಕೊನೆ ಇಳಿಸುವ ಕೊನೆಗೌಡನ ಕೂಲಿ, ಸುಲಿದವರ ಲೆಕ್ಕ, ಸೀಮೆಎಣ್ಣೆಗೆ ಕೊಟ್ಟದ್ದು, ಎಲ್ಲ ಗೆರೆಯೊಳಗೆ. ಸಂಕ್ರಾಂತಿಯ ಹೊತ್ತಿಗೆ ಅಕ್ಷರಗಳು ದಪ್ಪವಾಗಿ ಓರೆಯಾಗುತ್ತವೆ, ಗೆರೆ ದಾಟುತ್ತವೆ. ಅಂಚಿನಲ್ಲಿ ಬೇರೆ ಲೆಕ್ಕ ಶುರು: ಜೀಪಿನ ಬೆಲೆ, ಬೊಂಬಾಯಿಗೆ ನೇರವಾಗಿ ಅಡಿಕೆ ಕಳಿಸಿದರೆ ಬರುವ ಲಾಭ, ಹಾಳೆಯಿಂದ ಕಾಗದ ಮಾಡುವ ಕಾರ್ಖಾನೆ. ಫೆಬ್ರವರಿಯಲ್ಲಿ ಒಂದೊಂದು ಪುಟಕ್ಕೆ ಒಂದೇ ಅಂಕಿ, ಅದರಡಿ ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆಗಳು. ಆಮೇಲಿನ ಪುಟಗಳು ಖಾಲಿ.

ಆ ಖಾಲಿ ಪುಟಗಳ ದಿನಗಳಲ್ಲಿ ಅವನು ಮಂಡಿ ಸಾಹುಕಾರರಿಂದ ಮುಂದಿನ ವರ್ಷದ ಫಸಲಿನ ಮೇಲೆ ಮುಂಗಡ ತಂದಿದ್ದ. ಅತ್ತೆಯ ಮದುವೆಗೆ ತಂದಿಟ್ಟ ಸೀರೆಗಳನ್ನು ಸುಲಿಯಲು ಬಂದ ಹೆಂಗಸರಿಗೆ ಹಂಚಿದ. ತಡೆಯಲು ಹೋದ ಅಜ್ಜನ ಮೇಲೆ ಕೈ ಮಾಡಿದ. ಮಾತು ನಿಲ್ಲುತ್ತಲೇ ಇರಲಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿತ್ತು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಆಷಾಢದ ಹೊತ್ತಿಗೆ ಮತ್ತೆ ಕಂಬಳಿ, ಮತ್ತೆ ಅದೇ ಕೋಣೆ.

ಆಗ ಪೇಟೆಯ ಡಾಕ್ಟರ ಬಳಿ ಕರೆದೊಯ್ದರು. ಅವರು ಇಮಿಪ್ರಮಿನ್ ಎಂಬ ಖಿನ್ನತೆಯ ಮಾತ್ರೆ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿದರಂತೆ. ಇದಕ್ಕೆ ಮುಂಚೆ ಯಾವಾಗಲಾದರೂ ಅತಿ ಉತ್ಸಾಹ, ನಿದ್ದೆಯಿಲ್ಲದ ದಿನಗಳು ಇದ್ದವೇ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಅಜ್ಜ ಎರಡಕ್ಕೂ ಇಲ್ಲ ಎಂದ. ಅತ್ತೆಯ ಮದುವೆ ಇನ್ನೂ ಆಗಬೇಕಿತ್ತು, ಸುಗ್ಗಿಯ ಸುದ್ದಿ ಹೊರಗೆ ಹೋಗುವಂತಿರಲಿಲ್ಲ. ಇನ್ನು ವಂಶದ ಮಾತು. ಅಜ್ಜನ ಸ್ವಂತ ಅಣ್ಣನನ್ನೇ ವರ್ಷದಲ್ಲಿ ಕೆಲವು ತಿಂಗಳು ಅಟ್ಟದ ಮೇಲೆ ಕೂಡಿಹಾಕುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅದೇ ಮನುಷ್ಯ ಊರಿನ ಪಂಚಾಯಿತಿಗೆ ಹಿರಿಯನಾಗಿ ಕೂರುತ್ತಿದ್ದನಂತೆ. ಜರ್ಮನಿಯ ಎಮಿಲ್ ಕ್ರೆಪಲಿನ್ 1899ರಲ್ಲೇ ಈ ಕಾಯಿಲೆಯನ್ನು ಇತರ ಬುದ್ಧಿವಿಕಾರಗಳಿಂದ ಬೇರ್ಪಡಿಸಿದಾಗ ಗಮನಿಸಿದ ಮುಖ್ಯ ಲಕ್ಷಣವೂ ಇದೇ: ಬರುತ್ತದೆ, ಹೋಗುತ್ತದೆ, ನಡುವೆ ಮನುಷ್ಯ ಮೊದಲಿನಂತಾಗುತ್ತಾನೆ. ಅಜ್ಜನಿಗೆ ಕ್ರೆಪಲಿನ್ ಗೊತ್ತಿರಬೇಕಿರಲಿಲ್ಲ. ಅಣ್ಣನ ಹೆಸರು ಹೇಳಿದ್ದರೆ ಸಾಕಿತ್ತು.

ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರು ನೇರವಾಗಿ ಉನ್ಮಾದಕ್ಕೆ ಏರಿಬಿಡುತ್ತಾರೆ. ಚಿಕ್ಕಪ್ಪನಿಗೆ ಆದದ್ದೂ ಅದೇ. ತಿಂಗಳೊಳಗೆ ಎದ್ದ ಉನ್ಮಾದ ಮೊದಲಿನದಕ್ಕಿಂತ ಜೋರಾಗಿತ್ತು. ಮೂವರು ಗಂಡಸರು ಹಿಡಿದು ಬೆಂಗಳೂರಿನ ಬಸ್ಸು ಹತ್ತಿಸಿದರು.

ಅಲ್ಲಿ ಲಿಥಿಯಂ ಎಂಬ ಲವಣದ ಮಾತ್ರೆ ಶುರುವಾಯಿತು. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯ ಈ ಲವಣವನ್ನು ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು ಅದರ ಗುಣವನ್ನು ಪ್ರಕಟಿಸಿದ್ದು 1949ರಲ್ಲಿ. ಡೆನ್ಮಾರ್ಕಿನ ಮೋಗೆನ್ಸ್ ಶೌ ಮುಂದೆ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ತೋರಿಸಿದ. ಮಾತ್ರೆ ಅಗ್ಗ, ಕೆಲಸ ದೊಡ್ಡದು. ಚಿಕ್ಕಪ್ಪ ವರ್ಷಗಟ್ಟಲೆ ಚೆನ್ನಾಗಿದ್ದ. ಲೆಕ್ಕದ ಪುಸ್ತಕಕ್ಕೆ ಸಣ್ಣ ದುಂಡು ಅಕ್ಷರ ವಾಪಸು ಬಂತು. ಲೋಟ ಹಿಡಿದರೆ ಕೈ ಸ್ವಲ್ಪ ನಡುಗುತ್ತಿತ್ತು, ಬಾಯಾರಿಕೆ ಹೆಚ್ಚು, ಅಷ್ಟೇ.

ಆಮೇಲೆ ಅವನಿಗೆ ಮದುವೆ ಮಾಡಿದರು. ಹೆಣ್ಣಿನ ಕಡೆಯವರಿಗೆ ಏನೂ ಹೇಳಲಿಲ್ಲ. ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಮಾತ್ರೆಯನ್ನೇ ನಿಲ್ಲಿಸಿದರು. ಲಿಥಿಯಂ ತಟ್ಟನೆ ಬಿಟ್ಟರೆ ಕಾಯಿಲೆ ಬೇಗ ಮರಳುವ ಅಪಾಯ ಹೆಚ್ಚು. ಮೂರು ತಿಂಗಳಲ್ಲಿ ಚಿಕ್ಕಮ್ಮನಿಗೆ ಎಲ್ಲವೂ ಗೊತ್ತಾಯಿತು, ಗೊತ್ತಾಗಬಾರದ ರೀತಿಯಲ್ಲಿ. ಇಷ್ಟಾದರೂ ಆಕೆ ಮನೆ ಬಿಡಲಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಆಕೆ ಪಟ್ಟ ಪಾಡಿಗೆ ನಮ್ಮ ಹಿರಿಯರು ನೇರ ಹೊಣೆ ಎಂದೇ ನಾನು ನಂಬಿದ್ದೇನೆ.

ಮತ್ತೆ ಶುರುಮಾಡಿದ ಲಿಥಿಯಂ ಇನ್ನೊಮ್ಮೆ ನಿಂತಿತು. ಒಂದು ಬೇಸಿಗೆ ಅವನಿಗೆ ಭೇದಿ ಹತ್ತಿತು. ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಬಹಳ ಕಿರಿದು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ವರೆಗೆ ಇರಬೇಕಾದದ್ದು 1.5 ದಾಟಿದರೆ ಅಪಾಯ. ಅವನು ಮಾತ್ರೆ ನುಂಗುತ್ತಲೇ ಇದ್ದ. ನಾಲಗೆ ತೊದಲಿತು, ಕಾಲು ತಡವರಿಸಿತು, ಕುಡಿದಿದ್ದಾನೆ ಎಂದು ಊರವರು ಮಾತಾಡಿಕೊಂಡರು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು. ಆದರೆ "ಆ ಮಾತ್ರೆ ವಿಷ" ಎಂಬುದು ಮನೆಯಲ್ಲಿ ಖಾಯಂ ಆಯಿತು. ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ, ಭೇದಿ ವಾಂತಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸುವುದು, ಕಾಲು ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಕೇಳದೆ ನುಂಗದಿರುವುದು, ಇಷ್ಟು ಮಾಡಿದ್ದರೆ ಅವನು ಅದೇ ಮಾತ್ರೆಯಲ್ಲಿ ಬಾಳಬಹುದಿತ್ತು.

ಆಮೇಲೆ ಕಾಯಿಲೆ ಬೆಳೆದ ರೀತಿಯನ್ನು ನಾನು ಕಣ್ಣಾರೆ ಕಂಡೆ. ಮೊದಲ ಸಲ ಫೇಲಾದದ್ದು ನೆಪ. ಎರಡನೆಯ ಸಲ ಸುಗ್ಗಿಯ ನಿದ್ದೆಗೇಡು. ತೊಂಬತ್ತರ ದಶಕದ ಹೊತ್ತಿಗೆ ನೆಪವೇ ಬೇಕಿರಲಿಲ್ಲ, ಸುಮ್ಮನೆ ಕೂತಿದ್ದವನು ವಾರದಲ್ಲಿ ಬದಲಾಗುತ್ತಿದ್ದ. ಮೊದಲು ವರ್ಷಗಳ ಬಿಡುವಿತ್ತು, ಆಮೇಲೆ ತಿಂಗಳುಗಳ ಬಿಡುವು. ಅಮೆರಿಕದ ರಾಬರ್ಟ್ ಪೋಸ್ಟ್ ಎಂಬ ಮನೋವೈದ್ಯ ಇದನ್ನು ವಿವರಿಸಿದ ರೀತಿ ಒಲೆ ಹೊತ್ತುವುದನ್ನು ನೆನಪಿಸುತ್ತದೆ: ಮೊದಲು ಪುಳ್ಳೆ ಇಟ್ಟು ಊದಬೇಕು, ಕೆಂಡವಾದ ಮೇಲೆ ತಾನೇ ಉರಿಯುತ್ತದೆ. ಎಲ್ಲ ರೋಗಿಗಳೂ ಹೀಗೆಯೇ ಸಾಗುತ್ತಾರೆಂದಲ್ಲ. ನಮ್ಮ ಚಿಕ್ಕಪ್ಪ ಸಾಗಿದ್ದು ಹೀಗೆ. ಪ್ರತಿ ಸುತ್ತು ಮುಗಿದಾಗಲೂ ಅವನು ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿ ಮರಳುತ್ತಿದ್ದ. ಕೂಡುವ ಲೆಕ್ಕ ತಪ್ಪತೊಡಗಿತು, ಹೆಸರುಗಳು ಮರೆತವು, ತೋಟದ ಅರ್ಧ ಸಾಲಕ್ಕೆ ಹೋಯಿತು. 2013ರಲ್ಲಿ, 58ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಈ ಕಾಯಿಲೆಯವರಲ್ಲಿ ಹೃದ್ರೋಗವೂ ಉಳಿದವರಿಗಿಂತ ಹೆಚ್ಚು.

2021ರಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನ ಹಾಸ್ಟೆಲ್‌ನಿಂದ ಮನೆಗೆ ಬಂದು ಮಲಗಿದ. 20 ವರ್ಷ, ಇಂಜಿನಿಯರಿಂಗ್, ಬಾಕಿ ಉಳಿದ ವಿಷಯಗಳು. ಅದೇ ಮಧ್ಯಾಹ್ನದ ನಿದ್ದೆ, ಅದೇ ಸ್ನಾನವಿಲ್ಲದ ದಿನಗಳು. ತಮ್ಮನ ಹೆಂಡತಿ ವಾರದೊಳಗೆ ಮನೋವೈದ್ಯರ ಬಳಿ ಕರೆದೊಯ್ದಳು. ಹೊರಡುವಾಗ ನಮ್ಮಪ್ಪ ಹೇಳಿದ್ದು ಒಂದೇ ಮಾತು: "ಹಳೇದೆಲ್ಲ ಕೆದಕ್‌ಬೇಡಮ್ಮ, ಹುಡುಗಿಗೂ ಗಂಡು ನೋಡ್ಬೇಕು." ಆಕೆ ಎದುರು ಮಾತಾಡಲಿಲ್ಲ. ಅಲ್ಲಿ ಹೋಗಿ ಅಟ್ಟದ ಮೇಲಿನ ದೊಡ್ಡಜ್ಜನಿಂದ ಹಿಡಿದು ಚಿಕ್ಕಪ್ಪನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸೊಸೆಯಾಗಿ ಬಂದವಳು ಈ ಮನೆಯ ಇತಿಹಾಸವನ್ನು ನಮಗಿಂತ ಸರಿಯಾಗಿ ಬಲ್ಲಳು.

ಆ ಒಂದು ಮಾತಿನಿಂದ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಡಾಕ್ಟರು ಖಿನ್ನತೆಯ ಮಾತ್ರೆಯೊಂದನ್ನೇ ಬರೆಯಲಿಲ್ಲ. ಹುಡುಗನಿಗೆ ಒಂದು ಪುಸ್ತಕದಲ್ಲಿ ದಿನಾ ಎಷ್ಟು ಹೊತ್ತು ಮಲಗಿದ, ಮನಸ್ಸು ಹೇಗಿತ್ತು ಎಂದು ಗುರುತು ಹಾಕಲು ಹೇಳಿದರು. ಸತತವಾಗಿ ನಾಲ್ಕು ದಿನ ನಿದ್ದೆ ಇಳಿದು, ಆದರೂ ಸುಸ್ತಿಲ್ಲದಿದ್ದರೆ ಫೋನ್ ಮಾಡಬೇಕೆಂದು ತಾಯಿಗೆ ಹೇಳಿದರು. ಐದು ತಿಂಗಳ ಮೇಲೆ ಹಾಗೇ ಆಯಿತು. ಮೂರು ಗಂಟೆ ನಿದ್ದೆ, ಹೊಸ ಆ್ಯಪಿನ ಯೋಜನೆ, ಗೆಳೆಯರಿಂದ ಸಾಲ. ಉನ್ಮಾದದ ಕೆಳಗಿನ ಮೆಟ್ಟಿಲಿನಲ್ಲೇ ಹಿಡಿದದ್ದರಿಂದ ಆಸ್ಪತ್ರೆ ಸೇರಬೇಕಾಗಲಿಲ್ಲ. ಚಿಕ್ಕಪ್ಪನಿಗೆ ವರ್ಷಗಳು ಹಿಡಿದ ರೋಗನಿರ್ಣಯ ಇವನಿಗೆ ತಿಂಗಳುಗಳಲ್ಲಿ ಆಯಿತು.

ಅವನಿಗೆ ಗುಣವಾಗಿಬಿಟ್ಟಿದೆ ಎಂದು ನಾನು ಬರೆಯಲಾರೆ. ಲಿಥಿಯಂ ತೆಗೆದುಕೊಳ್ಳುತ್ತಾನೆ. ತೂಕ ಏರಿದೆ. ಮೊದಲ ಕೆಲಸದಲ್ಲಿ ರಾತ್ರಿ ಪಾಳಿ ಬಿದ್ದು ಮತ್ತೊಮ್ಮೆ ಏರುಪೇರಾಯಿತು, ಕೆಲಸ ಬಿಟ್ಟ. ಈಗ ಹಗಲಿನ ಕೆಲಸವನ್ನೇ ಹುಡುಕಿಕೊಂಡಿದ್ದಾನೆ. ರಕ್ತ ಕೊಡುವ ದಿನ ರಾತ್ರಿಯ ಮಾತ್ರೆಗೆ 12 ಗಂಟೆ ತುಂಬುವುದನ್ನು ಕಾದು ಲ್ಯಾಬಿಗೆ ಹೋಗುತ್ತಾನೆ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸುತ್ತಾನೆ. ತಂಗಿಯ ಮದುವೆಯ ಮಾತುಕತೆಯಲ್ಲಿ ಅವನೇ ಕೂತು ತನ್ನ ಕಾಯಿಲೆಯ ವಿಷಯ ಹೇಳಿದ. ಒಂದು ಸಂಬಂಧ ಹೋಯಿತು, ಇನ್ನೊಂದು ನಿಂತಿತು.

ಎಲ್ಲ ಮನೆಗಳಲ್ಲೂ ಹೀಗಾಗುತ್ತಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಮಂದಿ ಚಿಕಿತ್ಸೆಯ ಹೊರಗಿದ್ದರು. ದಾರಿಗಳಂತೂ ಹತ್ತಿರ ಬಂದಿವೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿನ ಬಸ್ಸು ಹತ್ತದೆ ಜಿಲ್ಲಾಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಾಣಬಹುದು.

ಹತ್ತಿರದ ರಕ್ತಸಂಬಂಧಿಗೆ ಈ ಕಾಯಿಲೆ ಇದ್ದ ಮಾತ್ರಕ್ಕೆ ನಿಮ್ಮ ಮಕ್ಕಳಿಗೆ ಬಂದೇ ಬರುತ್ತದೆ ಎಂದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗೆ ಬರುವುದು ತಂದೆಗೋ ತಾಯಿಗೋ ಇದ್ದವರಲ್ಲಿ ಸುಮಾರು ಹತ್ತು ಮಂದಿಗೆ ಬರಬಹುದು, ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ. ಆದರೆ ಇಪ್ಪತ್ತರ ಆಸುಪಾಸಿನ ಮಗ ಅಥವಾ ಮಗಳು ಮಂಕಾಗಿ ಕೂತಾಗ, ನಿಮ್ಮ ಮನೆಯ ಅಟ್ಟದ ಮೇಲೆ ಯಾರಿದ್ದರು, ಯಾರು ಸಾಲ ಮಾಡಿ ಊರು ಬಿಟ್ಟರು, ಯಾರು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು ಎಂಬುದನ್ನು ಡಾಕ್ಟರಿಗೆ ಹೇಳಿಬಿಡಿ. ಸತ್ತವರ ಮರ್ಯಾದೆಗೆ ಅದರಿಂದ ಏನೂ ಕುಂದಿಲ್ಲ. ಯಾರ ಬಳಿ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.