ಇಳಿಯುವವರ ಲೆಕ್ಕ

ಬೆಂಗಳೂರಿನ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣ ಬಂದ ಮೇಲೆ ಸುತ್ತಲಿನ ಬಡಾವಣೆ ಹೇಗೆ ಬದಲಾಯಿತು ಎಂದು ಚಿತ್ರದಲ್ಲಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ಉಪಗ್ರಹ ಚಿತ್ರ ಹಿಡಿದುಕೊಂಡೆ: 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಗೆ ಮೊದಲ ರೈಲು ಹೊರಡುವುದಕ್ಕಿಂತ ಹಿಂದಿನದೊಂದು, ಇತ್ತೀಚಿನದೊಂದು. ನಿಲ್ದಾಣವನ್ನು ನಡುವಿಗಿಟ್ಟು ಅರ್ಧ ಕಿಲೋಮೀಟರಿನ ವೃತ್ತ ಎಳೆದೆ. ಹೊಸದಾಗಿ ಎದ್ದ ಕಟ್ಟಡಗಳಿಗೆಲ್ಲ ಕೆಂಪು ಬಳಿದೆ. ನೋಡಲು ಚೆನ್ನಾಗಿಯೇ ಇತ್ತು. ನಿಲ್ದಾಣದ ಹೊರಗೆ ಆಟೊ ನಿಲ್ಲಿಸುವ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: "ಕಟ್ಟಡ ಸರಿ ಸಾರ್, ನಮ್ಮ ಬಾಡಿಗೆ ಹೋಗಿದ್ದು ಇದರಲ್ಲಿ ಎಲ್ಲಿದೆ?"

ಎಲ್ಲಿಯೂ ಇರಲಿಲ್ಲ. ಸುಮಾರು 12 ವರ್ಷ ಬೈಯಪ್ಪನಹಳ್ಳಿ ಆ ಮಾರ್ಗದ ಪೂರ್ವದ ಕೊನೆ. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯವರೆಲ್ಲ ಅಲ್ಲೇ ಇಳಿದು ಬಸ್ಸನ್ನೋ ಆಟೊವನ್ನೋ ಹಿಡಿಯಬೇಕಿತ್ತು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ರೈಲು ಶುರುವಾದರೂ ನಡುವಿನ ಎರಡು ಕಿಲೋಮೀಟರ್ ಬಾಕಿ ಇತ್ತು. ಅಷ್ಟು ದೂರಕ್ಕೆ ಬಸ್ಸೇ ಗತಿ. ಅಕ್ಟೋಬರ್ 9ರಂದು ಆ ತುಂಡೂ ಸೇರಿಕೊಂಡಿತು. ಅಲ್ಲಿಂದ ಮುಂದೆ ವೈಟ್‌ಫೀಲ್ಡಿನವರು ಇಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ. ಆಟೊದವರ ಬದುಕಿನ ದೊಡ್ಡ ಬದಲಾವಣೆ ಅದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ದಿನಕ್ಕೆ ಒಂದು ಇಟ್ಟಿಗೆಯೂ ಅಲುಗಿಲ್ಲ.

ದಕ್ಷಿಣ ಕನ್ನಡದ ಮಾಣಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂಬ ಬೇಸರ ಇನ್ನೂ ಇದೆ. ಮಂಗಳೂರಿನ ರಸ್ತೆ ನಮ್ಮಲ್ಲಿಗೆ ಬಂದು ಕವಲೊಡೆಯುತ್ತದೆ. ಒಂದು ಉಪ್ಪಿನಂಗಡಿ, ಶಿರಾಡಿ ಘಾಟಿಯ ಮೇಲೆ ಬೆಂಗಳೂರಿಗೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ. ಒಂದು ಬಸ್ಸಿನಿಂದ ಇಳಿದು ಇನ್ನೊಂದಕ್ಕೆ ಕಾಯುವವರು ಕುಡಿಯುವ ಚಾ, ತಿನ್ನುವ ಗೋಳಿಬಜೆ, ಮನೆಗೆ ಕಟ್ಟಿಸಿಕೊಳ್ಳುವ ಬಾಳೆಹಣ್ಣು ಇವುಗಳ ಮೇಲೆಯೇ ಪೇಟೆ ನಿಂತದ್ದು. ಬಸ್ಸು ನಿಲ್ಲುವ ಜಾಗ ನಾಲ್ಕು ಮಾರು ಆಚೆ ಹೋದರೆ ಯಾವ ಅಂಗಡಿಗೆ ಪೆಟ್ಟು ಎಂದು ಶಾಲೆಯ ಮಕ್ಕಳೂ ಹೇಳಿಯಾರು. ಪಕ್ಕದ ಕಲ್ಲಡ್ಕದಲ್ಲಿ 2025ರಲ್ಲಿ ಮೇಲ್ಸೇತುವೆ ತೆರೆದ ಮೇಲೆ, ಅಲ್ಲಿನ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಬೇಕಾದರೆ ಬೇಕೆಂದೇ ಕೆಳರಸ್ತೆಗೆ ಬರಬೇಕು.

ಕೆಂಪು ಬಳಿದ ಚಿತ್ರವನ್ನು ಬದಿಗಿಟ್ಟೆ. ಬೆಳಗ್ಗೆ ಮತ್ತು ಸಂಜೆ ನಿಲ್ದಾಣದ ಬಾಗಿಲಲ್ಲಿ ನಿಂತು, ಹೊರಬಂದವರು ಯಾವ ಕಡೆ ನಡೆದರು, ಯಾರು ಬಸ್ಸಿಗೆ, ಯಾರು ಆಟೊಗೆ ಎಂದು ಗೀಟು ಹಾಕಿಕೊಂಡೆ. ಆಗ ವೃತ್ತದ ಸುಳ್ಳೂ ತಿಳಿಯಿತು. ಕೈವಾರದ ಗೆರೆ ರೈಲು ಹಳಿಯನ್ನೂ ಹಳೆ ಮದರಾಸು ರಸ್ತೆಯನ್ನೂ ಸಲೀಸಾಗಿ ದಾಟುತ್ತದೆ. ಕೈಚೀಲ ಹಿಡಿದ ಮುದುಕಿಗೆ ಅದು ಆಗುವ ಮಾತಲ್ಲ. ಹೆಚ್ಚು ಜನ ನಡೆದ ದಾರಿಗೆ ದಪ್ಪ ಗೆರೆ, ಕಡಿಮೆ ಜನರ ದಾರಿಗೆ ಸಣ್ಣ ಗೆರೆ ಎಳೆದ ಹೊಸ ಚಿತ್ರ ಅಂದವಾಗಿರಲಿಲ್ಲ. ಅದೇ ಹಿರಿಯರು ಅದರ ಮೇಲೆ ಬೆರಳಿಟ್ಟು ತಾವು ನಿಲ್ಲುವ ಜಾಗ ತೋರಿಸಿದರು.

ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥದಿಂದ ನಮ್ಮ ಊರುಗಳ ಮುಖ ಬದಲಾಗುತ್ತಿದೆ. ಅದನ್ನು ಚಿತ್ರಿಸಲು ಹೊರಡುವ ಎಳೆಯರಲ್ಲಿ ನನ್ನದೊಂದು ವಿನಂತಿ: ಡ್ರೋನ್ ಹಾರಿಸುವ ಮೊದಲು ಮಾಣಿಯಲ್ಲಿ ಬಸ್ಸಿನಿಂದ ಇಳಿದು, ಇಳಿದವರು ಯಾವ ಕಡೆ ಹೋಗುತ್ತಾರೆ ಎಂದು ಬರೆದುಕೊಳ್ಳಿ.